ಪ್ರಾಚೀನ ವಾಣಿಜ್ಯದಲ್ಲಿ ಆಪತ್ಪ್ರತೀಕಾರವೂ ನಿತ್ಯೋಪಕರಣಗಳೂ

ಕೌಟಿಲೀಯ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಉಪನಿಧಿಯನ್ನು, ಎಂದರೆ ನಂಬಿ ಇಟ್ಟ ಒಡವೆಯನ್ನು ಕುರಿತ ಪ್ರಕರಣವೊಂದುಂಟು. ಶತ್ರುಗಳಿಂದಾಗಲಿ ಆಟವಿಕರಿಂದಾಗಲಿ ದೇಶವು ಹಾಳಾದಾಗ, ಊರೊಳಗೆ ಬೆಂಕಿಯೋ ನೀರೋ ನುಗ್ಗಿದಾಗ, ನಾವೆಯು ಮುಳುಗಿದಾಗ ಅಥವಾ ಸೂರೆಹೋದಾಗ, ಇಟ್ಟುಕೊಂಡವನು ಒಡವೆಯನ್ನು ತೆರಬೇಕಾದುದಿಲ್ಲವೆಂದು ಅಲ್ಲಿ ವಿಧಿಸಿದೆ. ಅದೇ ಗ್ರಂಥದ ಎರಡನೆಯ ಅಧಿಕರಣದ ನಾವಧ್ಯಕ್ಷ ಪ್ರಕರಣಕ್ಕೆ ಬಂದರೆ, ನಾವೆಯು ಮುಳುಗಿ ಸರಕು ಹಾಳಾದಾಗ ನಾವಧ್ಯಕ್ಷನೇ ಅದನ್ನು ಭರಿಸಿಕೊಡಬೇಕೆಂಬ ಮತ್ತೊಂದು ವಿಧಿಯನ್ನು ಕಾಣುತ್ತೇವೆ. ಮುಳುಗಿದುದು ಎರಡು ಕಡೆಯೂ ನಾವೆಯೇ. ಒಂದು ಕಡೆ ಕ್ಷಮೆ, ಇನ್ನೊಂದು ಕಡೆ ಋಣ. ಮೇಲುನೋಟಕ್ಕೆ ವಿರೋಧವೆಂದು ತೋರುವ ಈ ಎರಡು ವಿಧಿಗಳ ನಡುವಣ ಅಂತರವು ಎರಡನೆಯ ವಿಧಿಯ ಎರಡು ವಿಶೇಷಣಗಳಲ್ಲಿ ಅಡಗಿದೆ. ಆಳುಗಳೂ ಉಪಕರಣಗಳೂ ಸಾಲದ ನಾವೆ, ದುರಸ್ತು ಮಾಡದ ನಾವೆ — ಇಂತಹುದು ಮುಳುಗಿದರೆ ಮಾತ್ರವೇ ಅಧ್ಯಕ್ಷನು ತೆರಬೇಕಾದುದು. ಹಗ್ಗ, ಹುಟ್ಟು, ನೀರು ಚೆಲ್ಲುವ ಪಾತ್ರೆ ಇವುಗಳ ಸ್ಥಿತಿಯಿಂದಲೇ ಬಂದ ಆಪತ್ತು ದೈವಿಕವೋ ಪ್ರಮಾದವೋ ಎಂಬುದು ನಿರ್ಣಯವಾಗುತ್ತಿದ್ದಿತೆಂದಾಯಿತು.

ಈ ಒಂದು ವಿವೇಚನೆಯನ್ನು ಹಿಡಿದು ನಮ್ಮ ಶಾಸ್ತ್ರಗ್ರಂಥಗಳಲ್ಲಿ ವ್ಯಾಪಾರಿಗಳ ಆಪತ್ಪ್ರತೀಕಾರವನ್ನು ಕುರಿತು ದೊರೆಯುವ ಸಂಗತಿಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಇಂದಿನವರು ಮಾಡುವುದೆಲ್ಲವೂ ನಮ್ಮ ಹಿರಿಯರಲ್ಲಿ ಆಗಲೇ ಇದ್ದಿತೆಂದು ಸಾಧಿಸುವುದು ನನ್ನ ಇಷ್ಟವಲ್ಲ; ಅಂತಹ ಲೇಖನಗಳು ಬೇಕಾದಷ್ಟು ಬಂದಿವೆ.

ಅರ್ಥಶಾಸ್ತ್ರದ ಚರಿತ್ರೆಯು ಈ ಪತ್ರಿಕೆಯ ವಾಚಕರಿಗೆ ತಿಳಿದದ್ದೇ. ೧೯೦೫ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ಒಪ್ಪಿಸಿದ ಗ್ರಂಥಲಿಪಿಯ ತಾಳೆಯೋಲೆಯ ಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿ, ೧೯೦೯ರಲ್ಲಿ ಮುದ್ರಿಸಿ, ೧೯೧೫ರಲ್ಲಿ ಇಂಗ್ಲಿಷಿಗೆ ಪರಿವರ್ತಿಸಿ ಹೊರತಂದರು. ಗ್ರಂಥದ ಕಾಲವನ್ನು ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಪ್ರಕೃತ ವಿಷಯಕ್ಕೆ ಆ ಚರ್ಚೆಯಿಂದ ಬಾಧಕವಿಲ್ಲ.

ನಾಲ್ಕನೆಯ ಅಧಿಕರಣದಲ್ಲಿ ಎಂಟು ದೈವಿಕ ಮಹಾಭಯಗಳನ್ನು ಹೇಳಿದೆ: ಅಗ್ನಿ, ಉದಕ, ವ್ಯಾಧಿ, ದುರ್ಭಿಕ್ಷ, ಇಲಿ, ದುಷ್ಟಮೃಗ, ಸರ್ಪ, ರಾಕ್ಷಸ. ಈ ಪ್ರಕರಣದಲ್ಲಿ ಬಲಿಹೋಮಗಳೂ ಮಂತ್ರಪ್ರಯೋಗಗಳೂ ಉಕ್ತವಾಗಿರುವುದರಿಂದ, ಪೂರ್ವಿಕರ ಪ್ರತೀಕಾರವೆಲ್ಲವೂ ಶಾಂತಿಕರ್ಮವಷ್ಟೇ ಎಂದು ಕೆಲವರು ತೀರ್ಮಾನಿಸಿಬಿಡುತ್ತಾರೆ. ಅರಮನೆಯ ಅಂತಃಪುರಕ್ಕೆ ಬೆಂಕಿ ತಗುಲದಂತೆ ಮಾಡುವ ಮಾಂತ್ರಿಕ ವಿಧಾನವೊಂದನ್ನು ಕೌಟಿಲ್ಯನು ಮೊದಲನೆಯ ಅಧಿಕರಣದಲ್ಲಿ ಹೇಳಿರುವುದೂ ಹೌದು. ಆದರೆ ಅದೇ ಆಚಾರ್ಯನು ಪಟ್ಟಣದ ಬೀದಿಗೆ ಬಂದಾಗ ಮಂತ್ರದ ಮಾತನ್ನೇ ಎತ್ತುವುದಿಲ್ಲ. ಕೊಡ, ಏಣಿ, ಮೊರಗಳನ್ನು ಎಣಿಸತೊಡಗುತ್ತಾನೆ. ನಾಗರಿಕನ, ಎಂದರೆ ಪುರಾಧಿಕಾರಿಯ ಕರ್ತವ್ಯಗಳನ್ನು ಹೇಳುವ ಆ ಭಾಗವು ಸ್ವಲ್ಪ ನಿಧಾನವಾಗಿ ನೋಡತಕ್ಕದ್ದು.

ಬೇಸಗೆಯಲ್ಲಿ ಹಗಲಿನ ನಾಲ್ಕು ಭಾಗಗಳ ಪೈಕಿ ನಡುವಣ ಎರಡರಲ್ಲಿ ಬೆಂಕಿ ಹೊತ್ತಿಸಕೂಡದು. ಹೊತ್ತಿಸಿದರೆ ಪಣದ ಎಂಟನೆಯ ಒಂದು ಭಾಗ ದಂಡ. ಇಲ್ಲವೇ ಅಡುಗೆಯನ್ನು ಮನೆಯ ಹೊರಗೆ ಮಾಡಿಕೊಳ್ಳಬೇಕು. ಮನೆಯಲ್ಲಿ ಐದು ಗಡಿಗೆಗಳಿಲ್ಲದಿದ್ದರೆ ಕಾಲು ಪಣ ದಂಡ. ಕುಂಭ, ದ್ರೋಣಿ, ನಿಶ್ರೇಣಿ, ಪರಶು, ಶೂರ್ಪ, ಅಂಕುಶ, ಕಚಗ್ರಹಣಿ, ದೃತಿ ಇವುಗಳನ್ನು ಇಟ್ಟುಕೊಳ್ಳದಿದ್ದರೂ ಹಾಗೆಯೇ. ದ್ರೋಣಿಯೆಂದರೆ ಇಲ್ಲಿ ನಾವು ಹೊಳೆ ದಾಟುವ ದೋಣಿಯಲ್ಲ, ನೀರು ತುಂಬಿಡುವ ಮರದ ತೊಟ್ಟಿ. ನಿಶ್ರೇಣಿಯು ಏಣಿ. ಕೊಡಲಿಯು ಹೊತ್ತಿದ ಕಂಬವನ್ನು ಕಡಿದು ಕೆಡಹುವುದಕ್ಕೆ. ಮೊರವು ಹೊಗೆಯನ್ನು ಆಚೆಗೆ ಬೀಸುವುದಕ್ಕೆ. ಅಂಕುಶವು ಉರಿಯುವ ವಸ್ತುವನ್ನು ಸೆಳೆದು ಹಾಕುವ ಕೊಕ್ಕೆ. ದೃತಿಯು ನೀರಿನ ತೊಗಲಚೀಲ. ಕಚಗ್ರಹಣಿಯೆಂಬ ಹೆಸರೊಂದು ಸೊಗಸಾದುದು. ಕಚವೆಂದರೆ ಕೂದಲು, ಕೂದಲನ್ನು ಹಿಡಿದೆಳೆಯುವಂತೆ ಮಾಡಿನ ಹುಲ್ಲನ್ನು ಹಿಡಿದು ಕಿತ್ತೆಳೆಯುವ ಸಾಧನ. ಇದನ್ನು ಬರಿಯ ಇಕ್ಕಳವೆಂದು ಪರಿವರ್ತಿಸಿದಲ್ಲಿ ಉಪಯೋಗವು ಮರೆಯಾಗುತ್ತದೆ. ಹುಲ್ಲಿನ ಮಾಡು ಹೊತ್ತಿದ ಮೇಲೆ ಅದರ ಮೇಲೆ ನೀರು ಸುರಿಯುವುದಕ್ಕಿಂತ, ಪಕ್ಕದ ಮಾಡಿನ ಹುಲ್ಲನ್ನು ಮೊದಲೇ ಕಿತ್ತು ಬೆಂಕಿಗೆ ದಾರಿಯಿಲ್ಲದಂತೆ ಮಾಡುವುದೇ ಸರಿಯಾದ ಕ್ರಮವೆಂಬುದನ್ನು ಹಳ್ಳಿಯಲ್ಲಿ ಬಣವೆಗೆ ಬೆಂಕಿ ಬಿದ್ದುದನ್ನು ಕಂಡವರೆಲ್ಲರೂ ಬಲ್ಲರು.

ಈ ಪಟ್ಟಿಯಲ್ಲಿ ಅಪೂರ್ವ ವಸ್ತುವೊಂದಾದರೂ ಇಲ್ಲವೆಂಬುದು ಗಮನಾರ್ಹ. ಕಚಗ್ರಹಣಿಯೊಂದನ್ನು ಬಿಟ್ಟರೆ ಎಲ್ಲವೂ ಮನೆವಾರ್ತೆಗೂ ಅಂಗಡಿಗೂ ದಿನದಿನವೂ ಬೇಕಾದವೇ. ಆಪತ್ತಿಗೆಂದೇ ಕಟ್ಟಿಟ್ಟ ಸಾಧನವು ಧೂಳು ಹಿಡಿದು, ಬೇಕಾದ ಗಳಿಗೆಯಲ್ಲಿ ಕೈಗೆ ಒಗ್ಗದೆ ಹೋಗುತ್ತದೆ. ನಿತ್ಯ ಹಿಡಿಯುವ ಕೊಡಲಿಯ ಕಾವು ಸಡಿಲವಾದರೆ ಅಂದೇ ತಿಳಿಯುತ್ತದೆ. ಆದರೆ ನಿತ್ಯೋಪಕರಣಕ್ಕೆ ಬೇರೊಂದು ದೋಷವುಂಟು: ಅದು ಕೆಲಸದ ನೆವದಿಂದ ಸ್ಥಳ ಬಿಟ್ಟು ಹೋಗುತ್ತದೆ, ಏಣಿಯನ್ನು ನೆರೆಯವನು ಒಯ್ದಿರುತ್ತಾನೆ, ಕೊಡವು ಬರಿದಾಗಿರುತ್ತದೆ. ದಂಡವನ್ನು ವಿಧಿಸಿದುದು ಈ ದೋಷದ ನಿವಾರಣೆಗಾಗಿಯೇ ಎಂದು ನನಗೆ ತೋರುತ್ತದೆ. ಉರಿ ಹತ್ತಿದ ಮೇಲಲ್ಲ, ಹತ್ತುವುದಕ್ಕೆ ಮುಂಚೆಯೇ, ಉಪಕರಣವಿಲ್ಲದ ಮಾತ್ರದಿಂದಲೇ ದಂಡ ಪ್ರಾಪ್ತವಾಗುತ್ತದೆಂಬುದನ್ನು ನೋಡಬೇಕು.

ಇದಲ್ಲದೆ ಹುಲ್ಲು ಚಾಪೆಗಳ ಹೊದಿಕೆಗಳನ್ನು ತೆಗೆಯಿಸಬೇಕು. ಬೆಂಕಿಯಿಂದ ಜೀವಿಸುವ ಕಮ್ಮಾರರೇ ಮೊದಲಾದವರನ್ನು ಒಂದೆಡೆಯಲ್ಲಿ ನೆಲೆಗೊಳಿಸಬೇಕು. ರಾತ್ರಿ ಮನೆಯ ಯಜಮಾನರು ಗುಂಪುಗೂಡದೆ ತಂತಮ್ಮ ಬಾಗಿಲುಗಳ ಬಳಿಯಲ್ಲಿಯೇ ಇರಬೇಕು. ಬೀದಿಗಳಲ್ಲಿಯೂ ಚೌಕಗಳಲ್ಲಿಯೂ ಊರಬಾಗಿಲುಗಳಲ್ಲಿಯೂ ಗಡಿಗೆಗಳ ಸಾಲುಗಳು ಸಾವಿರಗಟ್ಟಲೆ ನಿಂತಿರಬೇಕು. ಬೆಂಕಿ ಬಿದ್ದಾಗ ಓಡಿಬಾರದ ಮನೆಯೊಡೆಯನಿಗೆ ೧೨ ಪಣ, ಬಾಡಿಗೆಗಿರುವವನಿಗೆ ೬ ಪಣ ದಂಡ. ಅಜಾಗರೂಕತೆಯಿಂದ ಬೆಂಕಿ ಬೀಳಿಸಿದವನಿಗೆ ೫೪ ಪಣ. ಬಾಡಿಗೆಯವನನ್ನು ಇಲ್ಲಿ ಬೇರೆಯಾಗಿ ಹೆಸರಿಸಿರುವುದು ವ್ಯಾಪಾರದ ದೃಷ್ಟಿಯಿಂದ ಮುಖ್ಯ. ಅಂಗಡಿಕಾರನು ಬಹುಮಟ್ಟಿಗೆ ಬಾಡಿಗೆಯವನೇ. ಕಟ್ಟಡವು ಪರರದೆಂದು ಅವನು ಕೈಕಟ್ಟಿ ನಿಲ್ಲುವಂತಿರಲಿಲ್ಲ.

ಪ್ರವಾಹದ ವಿಷಯದಲ್ಲಿಯೂ ಇದೇ ಮಾರ್ಗ. ಮಳೆಗಾಲದಲ್ಲಿ ಹೊಳೆದಡದ ಊರಿನವರು ನೆರೆಯೇರುವ ಎಲ್ಲೆಯನ್ನು ಬಿಟ್ಟು ವಾಸಿಸಬೇಕು; ಮರದ ತುಂಡು, ಬಿದಿರು, ನಾವೆಗಳನ್ನು ಕೂಡಿಟ್ಟುಕೊಳ್ಳಬೇಕು; ತೇಲಿಹೋಗುವವನನ್ನು ಸೋರೆಬುರುಡೆ, ತೊಗಲಚೀಲ, ತೆಪ್ಪ, ಮರದ ಬೊಡ್ಡೆ, ಹಗ್ಗದ ಹೆಣಿಗೆಗಳಿಂದ ದಾಟಿಸಬೇಕು. ನೆರವಿಗೆ ಹೋಗದವನಿಗೆ ೧೨ ಪಣ ದಂಡ, ತೆಪ್ಪವಿಲ್ಲದವನಿಗೆ ಮಾತ್ರ ವಿನಾಯಿತಿ. ಬೆಂಕಿಯ ಮನೆಗೆ ನೀರು ತರುವ ತೊಗಲಚೀಲವೇ ನೀರಿನ ಭಯದಲ್ಲಿ ಗಾಳಿ ತುಂಬಿ ತೇಲುವ ಸಾಧನವಾಗುತ್ತದೆ.

ಉಗ್ರಾಣಗಳ ವಿಷಯವು ಇನ್ನೂ ಸ್ವಾರಸ್ಯವಾಗಿದೆ. ಸನ್ನಿಧಾತೃವು ಕಟ್ಟಿಸುವ ಭಂಡಾರಗೃಹಗಳಲ್ಲಿ ಬಾವಿ, ಅಗ್ನಿ ಮತ್ತು ವಿಷಗಳಿಂದ ರಕ್ಷಣೆಯ ಏರ್ಪಾಟು, ಬೆಕ್ಕು, ಮುಂಗುಸಿ, ದೇವತಾಪೂಜೆ ಇವಿಷ್ಟೂ ಇರಬೇಕೆಂದಿದೆ. ಇಲಿಯನ್ನು ಎಂಟು ಮಹಾಭಯಗಳಲ್ಲಿ ಎಣಿಸಿದ ಶಾಸ್ತ್ರಕಾರನು ಬೆಕ್ಕನ್ನು ಉಪಕರಣಗಳೊಡನೆ ಎಣಿಸಿದುದರಲ್ಲಿ ಆಶ್ಚರ್ಯವಿಲ್ಲ. ಕೋಷ್ಠಾಗಾರದಲ್ಲಿ ಮಳೆಯನ್ನು ಅಳೆಯಲು ಒಂದು ಅರತ್ನಿ ಅಗಲದ ಬಾಯುಳ್ಳ ಕುಂಡವನ್ನು ಇಡಬೇಕು. ಧಾನ್ಯವನ್ನು ನೆಲದಿಂದ ಎತ್ತರದಲ್ಲಿಯೂ, ಬೆಲ್ಲವೇ ಮೊದಲಾದುದನ್ನು ಒತ್ತಾಗಿ ಹೆಣೆದ ಮೂಡೆಗಳಲ್ಲಿಯೂ, ಎಣ್ಣೆ ತುಪ್ಪಗಳನ್ನು ಮಣ್ಣು ಮರಗಳ ಪಾತ್ರೆಗಳಲ್ಲಿಯೂ, ಉಪ್ಪನ್ನು ನೆಲದ ಮೇಲೆಯೂ ಇಡತಕ್ಕದ್ದು. ಸಂಗ್ರಹದ ಅರ್ಧವನ್ನು ಜನಪದದ ಆಪತ್ತಿಗೆಂದು ಮೀಸಲಿರಿಸಿ ಉಳಿದರ್ಧವನ್ನು ಬಳಸಬೇಕು. ಹೊಸದು ಬಂದಂತೆ ಹಳೆಯದನ್ನು ತೆಗೆದು ಬದಲಿಸುತ್ತಿರಬೇಕು. ಇವು ರಾಜನ ಉಗ್ರಾಣದ ವಿಧಿಗಳು, ವರ್ತಕನ ಮಳಿಗೆಯವಲ್ಲವೆಂದು ಆಕ್ಷೇಪಿಸಬಹುದು. ಆಕ್ಷೇಪವು ಯುಕ್ತವೇ. ಶಾಸ್ತ್ರವು ವಿಧಿಸಿದ ಮಾತ್ರದಿಂದ ಲೋಕವು ಹಾಗೆ ನಡೆಯಿತೆಂದೂ ಹೇಳಲಾಗದು. ಆದರೆ ಮೂಡೆಯಲ್ಲಿ ಧಾನ್ಯ ಬೆಲ್ಲಗಳನ್ನು ಕಟ್ಟಿಡುವ ಪದ್ಧತಿಯು ನಮ್ಮ ಸೀಮೆಗಳಲ್ಲಿಯೂ ಬಹುಕಾಲ ರೂಢಿಯಲ್ಲಿದ್ದುದರಿಂದ, ಇಂತಹ ವಿಧಿಗಳು ಲೋಕದಿಂದ ಶಾಸ್ತ್ರಕ್ಕೆ ಏರಿದವೇ ಹೊರತು ಶಾಸ್ತ್ರದಿಂದ ಲೋಕಕ್ಕೆ ಇಳಿದವಲ್ಲವೆಂದು ಊಹಿಸಲು ಅವಕಾಶವಿದೆ.

ಇನ್ನು ಧರ್ಮಶಾಸ್ತ್ರಗಳ ಕಡೆಗೆ ತಿರುಗೋಣ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (ಕ್ರಿ. ಶ. ೧೦೭೬–೧೧೨೬) ರಾಜಧಾನಿಯಲ್ಲಿದ್ದು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಕನ್ನಡ ನಾಡಿನವನಾದುದರಿಂದ, ಅವನು ವಿವರಿಸಿದ ವಿಧಿಗಳಿಗೆ ನಮ್ಮಲ್ಲಿ ವಿಶೇಷ ಗೌರವವುಂಟು. ನಂಬಿ ಇಟ್ಟ ಒಡವೆಯು ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಹೋದರೆ ಇಟ್ಟುಕೊಂಡವನು ತೆರಬೇಕಾಗಿಲ್ಲ. ಆದರೆ ಒಡೆಯನು ಕೇಳಿದಾಗ ಕೊಡದೆ ಇಟ್ಟುಕೊಂಡು, ಆಮೇಲೆ ಅದು ನಾಶವಾದರೆ, ಒಡವೆಯನ್ನೂ ಅದಕ್ಕೆ ಸಮನಾದ ದಂಡವನ್ನೂ ತೆರಬೇಕು. ಸರಕು ಸಾಗಿಸುವವನಿಗೂ ಹೀಗೆಯೇ: ರಾಜದೈವಗಳ ಹೊರತು ಬೇರೆ ಕಾರಣದಿಂದ ನಷ್ಟವಾದರೆ ಅವನೇ ಹೊಣೆ. ನಾವಿಕರ ತಪ್ಪಿನಿಂದ ನಾವೆಯಲ್ಲಿ ಸರಕು ಹಾಳಾದರೆ ನಾವಿಕರೆಲ್ಲರೂ ಕೂಡಿ ತಂತಮ್ಮ ಪಾಲಿನಿಂದ ತೆರಬೇಕು, ದೈವಿಕವಾದರೆ ದಂಡವಿಲ್ಲ ಎಂದು ಮನುವೂ ಹೇಳುತ್ತಾನೆ. ದೈವವೆಂಬ ಮಾತು ಇಲ್ಲೆಲ್ಲ ಸೋಮಾರಿಗೆ ಆಶ್ರಯವಾಗಿಲ್ಲವೆಂಬುದನ್ನು ಒತ್ತಿ ಹೇಳಬೇಕಾಗಿದೆ. ಪಾಲುಗಾರಿಕೆಯ ವ್ಯಾಪಾರವನ್ನು ಕುರಿತು ಯಾಜ್ಞವಲ್ಕ್ಯನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾನೆ. ಉಳಿದವರು ಬೇಡವೆಂದುದನ್ನಾಗಲಿ, ಹೇಳದೆ ಇದ್ದುದನ್ನಾಗಲಿ ಮಾಡಿ, ಅಥವಾ ಅಜಾಗರೂಕತೆಯಿಂದ, ಸರಕನ್ನು ಕೆಡಿಸಿದ ಪಾಲುಗಾರನು ಅದನ್ನು ಭರಿಸಿಕೊಡಬೇಕು. ವಿಪ್ಲವದಿಂದ ಸರಕನ್ನು ಉಳಿಸಿದವನು ಉಳಿಸಿದುದರ ಹತ್ತನೆಯ ಒಂದು ಪಾಲಿಗೆ ಹಕ್ಕುದಾರನು. ದಂಡದೊಡನೆ ಬಹುಮಾನವನ್ನೂ ಅದೇ ಶ್ಲೋಕದಲ್ಲಿ ಇಟ್ಟಿರುವುದು ವ್ಯಾಪಾರಿಗಳ ಸ್ವಭಾವವನ್ನು ಬಲ್ಲವರ ಕೆಲಸ.

ಸರಕು ಹೋದರೆ ಮತ್ತೆ ಸಂಪಾದಿಸಬಹುದು. ಲೆಕ್ಕ ಹೋದರೆ ವ್ಯಾಪಾರವೇ ಹೋದಂತೆ. ಕೊಟ್ಟವನಿಗೂ ಕೊಂಡವನಿಗೂ ನಡುವಣ ಸತ್ಯವು ಪತ್ರದಲ್ಲಿರುವುದಷ್ಟೆ. ಸಾಲಪತ್ರವು ದೇಶಾಂತರದಲ್ಲಿದ್ದರೆ, ಓದಲಾರದಂತೆ ಬರೆಯಲ್ಪಟ್ಟಿದ್ದರೆ, ಕಳೆದುಹೋದರೆ, ಅಳಿಸಿದರೆ, ಕದಿಯಲ್ಪಟ್ಟರೆ, ಹರಿದರೆ, ಸುಟ್ಟರೆ ಬೇರೊಂದು ಪತ್ರವನ್ನು ಬರೆಯಿಸಬೇಕೆಂಬುದು ಯಾಜ್ಞವಲ್ಕ್ಯನ ವಿಧಿ. ಇಬ್ಬರೂ ಒಪ್ಪಿದರೆ ಹೊಸ ಪತ್ರ. ಒಪ್ಪದೆ ವ್ಯವಹಾರಕ್ಕೆ ಬಂದರೆ, ದೂರದಲ್ಲಿರುವ ಪತ್ರವನ್ನು ತರಿಸಲು ಕಾಲಾವಕಾಶ. ಪತ್ರವೇ ಇಲ್ಲವಾದರೆ ಕಂಡವರ ಸಾಕ್ಷ್ಯ. ಭಾಗಶಃ ಸಂದಾಯವನ್ನು ಪತ್ರದ ಬೆನ್ನಿನ ಮೇಲೆ ಬರೆಯಬೇಕು, ಇಲ್ಲವೇ ಸಾಲಿಗನು ತನ್ನ ಕೈಯಿಂದಲೇ ರಸೀತಿ ಬರೆದುಕೊಡಬೇಕು. ಸಾಲ ತೀರಿದ ಮೇಲೆ ಪತ್ರವನ್ನು ಹರಿಯಬೇಕು. ಇಂದು ಲೆಕ್ಕಗಳು ಗಣಕಯಂತ್ರದಲ್ಲಿಯೂ ಅಂಗೈಯ ದೂರವಾಣಿಯಲ್ಲಿಯೂ ಸೇರಿಕೊಂಡಿವೆ. ಪ್ರತಿಯನ್ನು ಬೇರೆಡೆಯಲ್ಲಿ ಇಡಿರೆಂದು ಯಂತ್ರಜ್ಞರು ಹೇಳುವುದೂ, ಅಂಗಡಿಯ ಪ್ರತಿಯೂ ಅಂಗಡಿಯಲ್ಲಿಯೇ ಉಳಿದು ಎರಡೂ ಒಟ್ಟಿಗೆ ಹೋಗುವುದೂ ಇಂದಿಗೂ ನಡೆಯುವ ಸಂಗತಿಗಳೇ.

ನಮ್ಮ ನಾಡಿನ ವರ್ತಕರು ಲೆಕ್ಕವನ್ನು ಯಾವುದರ ಮೇಲೆ ಬರೆಯುತ್ತಿದ್ದರೆಂಬುದಕ್ಕೆ ಪ್ರತ್ಯಕ್ಷ ಪ್ರಮಾಣವಿದೆ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನು ಬಳಿದು, ಇದ್ದಿಲಿನಿಂದ ಕಪ್ಪುಮಾಡಿ, ಒಣಗಿಸಿ, ಪದರ ಪದರವಾಗಿ ಮಡಿಸಿದ ಪುಸ್ತಕಕ್ಕೆ ಕಡತವೆಂದು ಹೆಸರು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿಯ ಮಠದಲ್ಲಿ ಇಂತಹ ಕಡತಗಳು ನೂರಾರು ಉಳಿದುಬಂದಿವೆ. ಬೇಕಾದ ಸಾಮಗ್ರಿಯೆಲ್ಲವೂ ಒಲೆಯ ಬಳಿಯಲ್ಲಿಯೇ ದೊರೆಯುವಂತಹುದು. ಓಲೆಯಂತೆ ಮುರಿಯುವುದಿಲ್ಲ, ಸಂತೆಯಿಂದ ಸಂತೆಗೆ ಎತ್ತಿನ ಮೇಲೆ ಹೇರಿ ಒಯ್ಯಬಹುದು, ತಪ್ಪಿದಲ್ಲಿ ಒರಸಿ ತಿದ್ದಬಹುದು. ಆದರೆ ಇದರ ಗುಣವೇ ಇದರ ಅಪಾಯವೂ ಹೌದು: ಸುಲಭವಾಗಿ ತಿದ್ದಬಲ್ಲುದನ್ನು ಸುಲಭವಾಗಿ ಕೆಡಿಸಲೂಬಹುದು, ಒದ್ದೆಯಾದ ಕೈ ಸೋಕಿದರೆ ಅಂಕೆಯು ಮಾಸುತ್ತದೆ. ಅಳಿಸಿದುದನ್ನು ಸ್ಮೃತಿಯು ಸುಟ್ಟುದರೊಡನೆ ಒಂದೇ ಸಾಲಿನಲ್ಲಿ ಏಕೆ ಎಣಿಸಿತೆಂಬುದು ಕಡತವನ್ನು ಕೈಯಲ್ಲಿ ಹಿಡಿದವನಿಗೆ ಚೆನ್ನಾಗಿ ತಿಳಿಯುತ್ತದೆ.

ಸ್ಥಿರವಾಗಿ ಉಳಿಯಬೇಕಾದ ದಾನವೃತ್ತಿಗಳನ್ನು ಕಡತಕ್ಕೆ ಒಪ್ಪಿಸದೆ ಕಲ್ಲಿಗೂ ತಾಮ್ರಕ್ಕೂ ಒಪ್ಪಿಸಿದುದು ಈ ಕಾರಣದಿಂದಲೇ. ತಾಮ್ರದ ಹಲಗೆಗಳನ್ನು ಬಳೆಯಿಂದ ಕೋದು ಬಳೆಯ ಕೂಡನ್ನು ಮುದ್ರೆಯಿಂದ ಬಂಧಿಸಿದರೆ, ನಡುವೆ ಒಂದು ಹಲಗೆಯನ್ನು ತೆಗೆಯುವುದಾಗಲಿ ಸೇರಿಸುವುದಾಗಲಿ ಮುದ್ರೆಯನ್ನು ಕೆಡಿಸದೆ ಆಗುವಂತಿಲ್ಲ. ಬೆಂಕಿಗೆ ಅಂಜದ ಲೋಹವು ಕಳ್ಳನಿಗೆ ಅಂಜುತ್ತದೆ, ಕರಗಿಸಿದರೆ ಬೆಲೆ ಬರುವುದರಿಂದ. ಕಲ್ಲು ಕಳ್ಳನಿಗೂ ಅಂಜದು; ಆದರೆ ಅದನ್ನು ಹೊತ್ತು ತಿರುಗಲಾಗದು. ಒಂದೇ ದತ್ತಿಯು ತಾಮ್ರದಲ್ಲಿಯೂ ಕಲ್ಲಿನಲ್ಲಿಯೂ ದೊರೆಯುವ ಕಡೆಗಳಲ್ಲಿ, ಎರಡನೆಯದನ್ನು ಬರಿಯ ಪುನರುಕ್ತಿಯೆಂದು ಶಾಸನ ಸಂಪಾದಕರು ಅಡಿಟಿಪ್ಪಣಿಗೆ ತಳ್ಳುವುದು ಸರಿಯಲ್ಲ.

ಕಡತಗಳ ಕಾಲವು ಕಳೆದರೂ ಆ ಪದವು ಕಳೆಯಲಿಲ್ಲ. ಹುಣಿಸೆಬೀಜವನ್ನೂ ಇದ್ದಿಲನ್ನೂ ಕಾಣದ ಸರಕಾರದ ಕಚೇರಿಗಳಲ್ಲಿ ಕಾಗದದ ಕಟ್ಟಿಗೆ ಇಂದಿಗೂ ಕಡತವೆಂದೇ ಹೆಸರು.