ಮಗ್ದಾ ನಾಖ್ಮನ್

ಮಗ್ದಾ ನಾಖ್ಮನ್ ಆಚಾರ್ಯ (೧೮೮೯ – ೧೨ ಫೆಬ್ರವರಿ ೧೯೫೧) ರಷ್ಯಾ ಮೂಲದ ಚಿತ್ರಕಲಾವಿದೆ. ತಂದೆಯ ಕಡೆಯಿಂದ ಯಹೂದಿ ವಂಶಕ್ಕೆ ಸೇರಿದ ಇವರು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕಲಾಶಿಕ್ಷಣ ಪಡೆದು, ಮಾಸ್ಕೋ ಮತ್ತು ಬರ್ಲಿನ್‌ಗಳಲ್ಲಿ ನೆಲೆಸಿ, ೧೯೩೦ರ ದಶಕದ ನಡುಭಾಗದಲ್ಲಿ ಬೊಂಬಾಯಿಗೆ ಬಂದರು. ಬದುಕಿನ ಕೊನೆಯ ಸುಮಾರು ಹದಿನೈದು ವರ್ಷಗಳನ್ನು ಆ ನಗರದಲ್ಲೇ ಕಳೆದರು. ರಷ್ಯನ್ ಕವಯಿತ್ರಿ ಮರೀನಾ ತ್ಸ್ವೆತಾಯೆವಾ ಅವರ ಭಾವಚಿತ್ರ (೧೯೧೩) ಮತ್ತು ಕಾದಂಬರಿಕಾರ ವ್ಲಾದಿಮಿರ್ ನಬೊಕೋವ್ ಅವರ ಭಾವಚಿತ್ರ (೧೯೩೩) ಇವರ ಹೆಸರಾಂತ ಕೃತಿಗಳು. ಮೈಸೂರು ಸೀಮೆಯ ಮೂಲದ ಮಂಡಯಂ ಅಯ್ಯಂಗಾರ್ ಮನೆತನದ ಕ್ರಾಂತಿಕಾರಿ ಎಂ. ಪಿ. ಟಿ. ಆಚಾರ್ಯ ಇವರ ಪತಿ.

ಮನೆತನ ಮತ್ತು ಬಾಲ್ಯ

ಮಗ್ದಾ ಅವರ ತಂದೆ ಮಾಕ್ಸಿಮಿಲಿಯನ್ ನಾಖ್ಮನ್ ಯಹೂದಿ ಸಮುದಾಯದವರು. ತಾಯಿ ಬಾಲ್ಟಿಕ್ ಪ್ರದೇಶದ ಜರ್ಮನ್ ಮನೆತನದವರು, ಲೂಥರನ್ ಪಂಥದ ಕ್ರೈಸ್ತರು. ಆ ಕಾಲದ ರಷ್ಯನ್ ಸಾಮ್ರಾಜ್ಯದಲ್ಲಿ ಆರ್ಥೊಡಾಕ್ಸ್ ಕ್ರೈಸ್ತರು ಯಹೂದಿಗಳನ್ನು ವಿವಾಹವಾಗುವುದಕ್ಕೆ ಕಾನೂನಿನ ನಿಷೇಧವಿತ್ತು. ಲೂಥರನ್ನರಿಗೆ ಅಂತಹ ವಿವಾಹಕ್ಕೆ ಅವಕಾಶವಿದ್ದರೂ ಮಕ್ಕಳಿಗೆ ಕ್ರೈಸ್ತ ದೀಕ್ಷೆ ಕೊಡಿಸಬೇಕೆಂಬ ನಿಬಂಧನೆ ಇತ್ತು. ಅದರಂತೆ ಮಗ್ದಾ ಮತ್ತು ಅವರ ಒಡಹುಟ್ಟಿದವರು ಲೂಥರನ್ನರಾಗಿಯೇ ಬೆಳೆದರು. ಮನೆಯಲ್ಲಿ ರಷ್ಯನ್ ಮತ್ತು ಜರ್ಮನ್ ಎರಡೂ ಭಾಷೆಗಳು ಬಳಕೆಯಲ್ಲಿದ್ದವು.

ಬಹುಪಾಲು ಯಹೂದಿಗಳು ಸಾಮ್ರಾಜ್ಯದ ಪಶ್ಚಿಮ ಪ್ರಾಂತ್ಯಗಳಲ್ಲಿ ಮಾತ್ರ ವಾಸಿಸಬೇಕೆಂಬ ನಿಯಮ ಆಗ ಜಾರಿಯಲ್ಲಿತ್ತು. ಉನ್ನತ ಶಿಕ್ಷಣ ಪಡೆದವರೇ ಮೊದಲಾದ ಕೆಲವು ವರ್ಗದವರಿಗಷ್ಟೇ ರಾಜಧಾನಿಯಲ್ಲಿ ವಾಸಿಸುವ ಅನುಮತಿ ದೊರೆಯುತ್ತಿತ್ತು. ನಾಖ್ಮನ್ ಕುಟುಂಬ ಅಂತಹ ಸುಶಿಕ್ಷಿತ, ಅನುಕೂಲಸ್ಥ ವರ್ಗಕ್ಕೆ ಸೇರಿತ್ತು.

ಕಲಾಶಿಕ್ಷಣ

ಮಗ್ದಾ ಅವರು ಯೆಲಿಜವೇತಾ ಜ್ವಾಂತ್ಸೆವಾ ಎಂಬ ಕಲಾವಿದೆ ೧೯೦೬ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಸ್ಥಾಪಿಸಿದ ಕಲಾಶಾಲೆಯನ್ನು ಸೇರಿದರು. ಕವಿ ವ್ಯಾಚೆಸ್ಲಾವ್ ಇವಾನೊವ್ ಅವರ ಮನೆ ಇದ್ದ ಕಟ್ಟಡದಲ್ಲೇ ಈ ಶಾಲೆ ನಡೆಯುತ್ತಿತ್ತು. ಅಲ್ಲಿ ಸೇರುತ್ತಿದ್ದ ಕವಿಗಳ ಹಾಗೂ ಚಿಂತಕರ ಒಡನಾಟ ವಿದ್ಯಾರ್ಥಿಗಳಿಗೂ ದೊರೆಯಿತು.

ಶಾಲೆಯ ಮುಖ್ಯ ಗುರು ಲಿಯಾನ್ ಬಕ್ಸ್ತ್. ಇವರು ರಷ್ಯನ್ ಬ್ಯಾಲೆ ತಂಡದ ವೇಷಭೂಷಣ ಮತ್ತು ರಂಗಸಜ್ಜಿಕೆಗಳಿಂದ ಮುಂದೆ ವಿಶ್ವಖ್ಯಾತಿ ಪಡೆದರು. ರೇಖಾಚಿತ್ರವನ್ನು ಮ್ಸ್ತಿಸ್ಲಾವ್ ದೊಬುಜಿನ್ಸ್ಕಿ ಕಲಿಸುತ್ತಿದ್ದರು. ೧೯೧೦ರಲ್ಲಿ ಬಕ್ಸ್ತ್ ಪ್ಯಾರಿಸ್‌ಗೆ ತೆರಳಿದ ಮೇಲೆ ಕುಜ್ಮಾ ಪೆತ್ರೋವ್-ವೋದ್ಕಿನ್ ಅವರ ಸ್ಥಾನಕ್ಕೆ ಬಂದರು. ಕೆಂಪು, ನೀಲಿ, ಹಳದಿ ಎಂಬ ಮೂರು ಮೂಲವರ್ಣಗಳ ಮೇಲೆ ಚಿತ್ರವನ್ನು ಕಟ್ಟುವ ಪದ್ಧತಿಗೆ ಪೆತ್ರೋವ್-ವೋದ್ಕಿನ್ ಹೆಸರಾದವರು. ಮಾರ್ಕ್ ಶಗಾಲ್ ಕೂಡ ಬಕ್ಸ್ತ್ ಅವರ ಕಾಲದಲ್ಲಿ ಈ ಶಾಲೆಯ ವಿದ್ಯಾರ್ಥಿಯಾಗಿದ್ದರು. ೧೯೧೦ರಲ್ಲಿ ‘ಅಪೊಲ್ಲೋನ್’ ಎಂಬ ಸಾಹಿತ್ಯ-ಕಲಾ ಪತ್ರಿಕೆಯ ಕಚೇರಿಯಲ್ಲಿ ಈ ಶಾಲೆಯ ವಿದ್ಯಾರ್ಥಿಗಳ ಕೃತಿಗಳ ಪ್ರದರ್ಶನ ನಡೆಯಿತು.

ಸಹಪಾಠಿ ಯೂಲಿಯಾ ಒಬೊಲೆನ್ಸ್‌ಕಾಯಾ ಮಗ್ದಾ ಅವರ ಆಪ್ತ ಗೆಳತಿಯಾದರು. ಆಕೆಗೆ ಬರೆದ ಪತ್ರಗಳು ರಷ್ಯಾದ ದಫ್ತರಗಳಲ್ಲಿ ಉಳಿದಿದ್ದು, ಮಗ್ದಾ ಅವರ ರಷ್ಯಾದ ವರ್ಷಗಳನ್ನು ಅರಿಯಲು ಮುಖ್ಯ ಆಧಾರವಾಗಿವೆ.

ತ್ಸ್ವೆತಾಯೆವಾ ಭಾವಚಿತ್ರ

೧೯೧೩ರ ಬೇಸಿಗೆಯನ್ನು ಮಗ್ದಾ ಅವರು ಕ್ರಿಮಿಯಾ ಪರ್ಯಾಯ ದ್ವೀಪದ ಕಡಲತೀರದ ಊರಾದ ಕೊಕ್ತೆಬೆಲ್‌ನಲ್ಲಿ ಕಳೆದರು. ಅಲ್ಲಿ ಕವಿ ಹಾಗೂ ಚಿತ್ರಕಾರ ಮಾಕ್ಸಿಮಿಲಿಯನ್ ವೊಲೋಶಿನ್ ಅವರ ಮನೆ ಲೇಖಕರಿಗೂ ಕಲಾವಿದರಿಗೂ ತೆರೆದ ಅತಿಥಿಗೃಹದಂತಿತ್ತು. ಅದೇ ಬೇಸಿಗೆಯಲ್ಲಿ ತರುಣ ಕವಯಿತ್ರಿ ಮರೀನಾ ತ್ಸ್ವೆತಾಯೆವಾ (೧೮೯೨–೧೯೪೧) ಮತ್ತು ಆಕೆಯ ಪತಿ ಸೆರ್ಗೇಯ್ ಎಫ್ರೋನ್ ಕೂಡ ಅಲ್ಲಿದ್ದರು. ಮಗ್ದಾ ಅವರು ಕವಯಿತ್ರಿಯನ್ನು ಎದುರು ಕೂರಿಸಿಕೊಂಡು ಆಕೆಯ ಭಾವಚಿತ್ರವನ್ನು ರಚಿಸಿದರು. ತ್ಸ್ವೆತಾಯೆವಾ ಅವರನ್ನು ಪ್ರತ್ಯಕ್ಷ ನೋಡಿ ಬರೆದ ಏಕೈಕ ವರ್ಣಚಿತ್ರವೆಂದು ಇದನ್ನು ಪರಿಗಣಿಸಲಾಗುತ್ತದೆ. ಕವಯಿತ್ರಿಯನ್ನು ಕುರಿತ ಪುಸ್ತಕಗಳಲ್ಲಿ ಈ ಚಿತ್ರ ಹಲವು ಬಾರಿ ಮುದ್ರಿತವಾಗಿದೆ. ಆದರೂ ಅದನ್ನು ಬರೆದ ಕಲಾವಿದೆಯ ಮುಂದಿನ ಬದುಕು ಬಹುಕಾಲ ಓದುಗರಿಗೆ ತಿಳಿದಿರಲಿಲ್ಲ.

ಕ್ರಾಂತಿಯ ವರ್ಷಗಳು

೧೯೧೭ರ ಕ್ರಾಂತಿ ಮತ್ತು ಅದರ ಹಿಂದೆಯೇ ಬಂದ ಅಂತರ್ಯುದ್ಧದಿಂದ ನಗರಗಳಲ್ಲಿ ಆಹಾರ ಮತ್ತು ಸೌದೆಯ ತೀವ್ರ ಅಭಾವ ತಲೆದೋರಿತು. ಚಿತ್ರಗಳನ್ನು ಕೊಳ್ಳುತ್ತಿದ್ದ ವರ್ಗವೇ ಚದುರಿಹೋದುದರಿಂದ ಕಲಾವಿದರು ಜೀವನೋಪಾಯಕ್ಕೆ ಸಿಕ್ಕ ಕೆಲಸವನ್ನು ಒಪ್ಪಿಕೊಳ್ಳಬೇಕಾಯಿತು. ಮಗ್ದಾ ಅವರು ಕೆಲಕಾಲ ಉಸ್ತ್-ದೊಲಿಸ್ಸಿ ಎಂಬ ಹಳ್ಳಿಯಲ್ಲಿದ್ದು, ಸೆರ್ಗೇಯ್ ಎಫ್ರೋನ್ ಅವರ ಸಹೋದರಿ ಯೆಲಿಜವೇತಾ ಎಫ್ರೋನ್ ಜೊತೆಗೂಡಿ ಗ್ರಾಮೀಣ ರಂಗತಂಡದಲ್ಲಿ ದುಡಿದರು. ಅಲ್ಲಿನ ನಾಟಕಗಳಿಗೆ ರಂಗಸಜ್ಜಿಕೆಯನ್ನು ರಚಿಸುವುದು ಅವರ ಕೆಲಸವಾಗಿತ್ತು. ಅನಂತರ ಅವರು ಮಾಸ್ಕೋಗೆ ಮರಳಿದರು.

ಎಂ. ಪಿ. ಟಿ. ಆಚಾರ್ಯರೊಂದಿಗೆ ವಿವಾಹ

ಮಾಸ್ಕೋದಲ್ಲಿ ಮಗ್ದಾ ಅವರಿಗೆ ಭಾರತೀಯ ಕ್ರಾಂತಿಕಾರಿ ಮಂಡಯಂ ಪಾರ್ಥಸಾರಥಿ ತಿರುಮಲ ಆಚಾರ್ಯ (೧೮೮೭–೧೯೫೪) ಅವರ ಪರಿಚಯವಾಯಿತು. ಆಚಾರ್ಯರು ಹುಟ್ಟಿದ್ದು ಮದರಾಸಿನಲ್ಲಿ. ಅವರ ಹಿರಿಯರು ಮೈಸೂರು ಸೀಮೆಯಿಂದ ಅಲ್ಲಿಗೆ ವಲಸೆ ಹೋದವರು. ಸ್ವಾಮಿ ವಿವೇಕಾನಂದರ ಶಿಷ್ಯ ಅಳಸಿಂಗ ಪೆರುಮಾಳ್ ಇವರ ಬಂಧುಗಳು.

ಆಚಾರ್ಯರು ಪಾಂಡಿಚೇರಿಯಲ್ಲಿ ಸುಬ್ರಹ್ಮಣ್ಯ ಭಾರತಿಯವರ ‘ಇಂಡಿಯಾ’ ಪತ್ರಿಕೆಯ ಪ್ರಕಟಣೆಯಲ್ಲಿ ತೊಡಗಿದ್ದು, ಬಂಧನದ ಭೀತಿಯಿಂದ ೧೯೦೮ರಲ್ಲಿ ಯೂರೋಪಿಗೆ ತೆರಳಿದರು. ಲಂಡನ್ನಿನ ಇಂಡಿಯಾ ಹೌಸ್‌ನಲ್ಲಿ ವಿ. ಡಿ. ಸಾವರ್ಕರ್ ಅವರ ಒಡನಾಡಿಯಾಗಿದ್ದರು. ೧೯೨೦ರ ಅಕ್ಟೋಬರ್‌ನಲ್ಲಿ ತಾಷ್ಕೆಂಟ್‌ನಲ್ಲಿ ಭಾರತೀಯ ಕಮ್ಯುನಿಸ್ಟ್ ಪಕ್ಷವನ್ನು ರಚಿಸಿದವರಲ್ಲಿ ಒಬ್ಬರಾಗಿದ್ದರೂ, ಎಂ. ಎನ್. ರಾಯ್ ಅವರೊಡನೆ ಭಿನ್ನಾಭಿಪ್ರಾಯ ತಲೆದೋರಿ ಬೇಗನೆ ಹೊರಬಂದರು. ಕ್ರಮೇಣ ಅವರು ಎಲ್ಲ ಬಗೆಯ ಪ್ರಭುತ್ವವನ್ನೂ ನಿರಾಕರಿಸುವ ಅರಾಜಕತಾವಾದದತ್ತ ತಿರುಗಿದರು. ಬ್ರಿಟಿಷರಿಗೆ ಬೇಡವಾದ ಅವರಿಗೆ ಸೋವಿಯತ್ ನೆಲದಲ್ಲಿಯೂ ಸುರಕ್ಷೆ ಉಳಿಯಲಿಲ್ಲ. ಮಗ್ದಾ ಮತ್ತು ಆಚಾರ್ಯರು ವಿವಾಹವಾಗಿ, ೧೯೨೨ರ ಕೊನೆಯ ವೇಳೆಗೆ ಬರ್ಲಿನ್ ಸೇರಿದರು.

ಬರ್ಲಿನ್ ವಾಸ

ಆಗ ಬರ್ಲಿನ್‌ನಲ್ಲಿ ಕ್ರಾಂತಿಯ ನಂತರ ದೇಶ ಬಿಟ್ಟ ರಷ್ಯನ್ನರ ದೊಡ್ಡ ಸಮುದಾಯವಿತ್ತು. ರಷ್ಯನ್ ಭಾಷೆಯ ಪತ್ರಿಕೆಗಳು, ಪ್ರಕಾಶನ ಸಂಸ್ಥೆಗಳು, ರಂಗತಂಡಗಳು ಅಲ್ಲಿ ನಡೆಯುತ್ತಿದ್ದವು. ೧೯೨೩ರಲ್ಲಿ ಜರ್ಮನಿಯ ನಾಣ್ಯದ ಬೆಲೆ ಪೂರ್ತಿ ಕುಸಿದುದರಿಂದ ಜನಜೀವನ ದುರ್ಭರವಾಯಿತು. ಅರಾಜಕತಾವಾದಿ ಪತ್ರಿಕೆಗಳಿಗೆ ಆಚಾರ್ಯರು ಬರೆಯುತ್ತಿದ್ದ ಲೇಖನಗಳಿಂದ ಸಂಸಾರ ಸಾಗುವಂತಿರಲಿಲ್ಲ. ಬ್ರಿಟಿಷ್ ಗೂಢಚಾರರ ಕಣ್ಣೂ ಅವರ ಮೇಲಿತ್ತು. ಈ ಬಡತನದ ನಡುವೆಯೂ ಮಗ್ದಾ ಅವರು ಚಿತ್ರರಚನೆಯನ್ನು ಮುಂದುವರಿಸಿದರು.

೧೯೨೮ರಲ್ಲಿ ಬರ್ಲಿನ್‌ನ ಕಾಸ್ಪರ್ ಗ್ಯಾಲರಿಯಲ್ಲಿ ಅವರ ಚಿತ್ರಗಳ ಪ್ರದರ್ಶನ ನಡೆಯಿತು. ‘ಸಿರಿನ್’ ಎಂಬ ಕಾವ್ಯನಾಮದಲ್ಲಿ ಬರೆಯುತ್ತಿದ್ದ ವ್ಲಾದಿಮಿರ್ ನಬೊಕೋವ್ ‘ರೂಲ್’ ಎಂಬ ರಷ್ಯನ್ ದಿನಪತ್ರಿಕೆಯಲ್ಲಿ ಅದನ್ನು ವಿಮರ್ಶಿಸಿದರು. ನಬೊಕೋವ್ ಕೂಡ ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಬಂದ ವಲಸಿಗರು. ೧೯೩೩ರಲ್ಲಿ ಮಗ್ದಾ ಅವರು ನಬೊಕೋವ್ ಅವರ ಭಾವಚಿತ್ರವನ್ನು ರಚಿಸಿದರು. ‘ಲೋಲಿತಾ’ ಕಾದಂಬರಿಯಿಂದ ನಬೊಕೋವ್ ಜಗತ್ಪ್ರಸಿದ್ಧರಾಗಲು ಆಗ ಇನ್ನೂ ಎರಡು ದಶಕಗಳಿದ್ದವು. ಈ ಭಾವಚಿತ್ರದ ಮೂಲಪ್ರತಿ ಕಳೆದುಹೋಗಿದ್ದು, ಅದರ ಪಡಿಯಚ್ಚು ಮಾತ್ರ ಉಳಿದಿದೆ.

೧೯೩೩ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದನು. ಅದೇ ವರ್ಷದ ಏಪ್ರಿಲ್‌ನಲ್ಲಿ ಸರ್ಕಾರಿ ನೌಕರಿಯ ಕಾನೂನಿನಡಿ ಹೊರಡಿಸಿದ ನಿಯಮದಂತೆ, ಅಜ್ಜ-ಅಜ್ಜಿಯರಲ್ಲಿ ಒಬ್ಬರು ಯಹೂದಿಯಾಗಿದ್ದರೂ ಅಂತಹವರನ್ನು ‘ಆರ್ಯರಲ್ಲದವರು’ ಎಂದು ಗುರುತಿಸಲಾಯಿತು. ಸೆಪ್ಟೆಂಬರ್‌ನಲ್ಲಿ ಕಲಾವಿದರೆಲ್ಲರನ್ನೂ ಸರ್ಕಾರದ ಹತೋಟಿಗೆ ಒಳಪಡಿಸುವ ಸಂಸ್ಕೃತಿ ಮಂಡಳಿ ರಚನೆಯಾಯಿತು. ಕ್ರೈಸ್ತರಾಗಿ ಬೆಳೆದಿದ್ದ ಮಗ್ದಾ ಅವರಿಗೆ ಈಗ ತಂದೆಯ ವಂಶವೇ ಅಪಾಯವಾಯಿತು. ಪತಿ ಭಾರತೀಯರು, ಜೊತೆಗೆ ಅರಾಜಕತಾವಾದಿ. ಹೀಗಾಗಿ ದಂಪತಿಗಳು ೧೯೩೪ರಲ್ಲಿ ಜರ್ಮನಿಯನ್ನು ತೊರೆದರು. ಮಗ್ದಾ ಅವರ ಸಹೋದರಿ ನೆಲೆಸಿದ್ದ ಸ್ವಿಟ್ಜರ್ಲೆಂಡ್ ಅವರಿಗೆ ತಾತ್ಕಾಲಿಕ ಆಶ್ರಯವಾಯಿತು. ೧೯೩೫ರಲ್ಲಿ ಆಚಾರ್ಯರು ಭಾರತಕ್ಕೆ ಮರಳಿದರು. ಅನಂತರ ಮಗ್ದಾ ಅವರೂ ಬೊಂಬಾಯಿಗೆ ಬಂದು ಪತಿಯನ್ನು ಕೂಡಿಕೊಂಡರು.

ಬೊಂಬಾಯಿಯಲ್ಲಿ

ಬೊಂಬಾಯಿಯ ಕಲಾಜೀವನ ಆಗ ಮುಖ್ಯವಾಗಿ ಜೆ. ಜೆ. ಕಲಾಶಾಲೆ ಮತ್ತು ೧೮೮೮ರಲ್ಲಿ ಆರಂಭವಾದ ಬಾಂಬೆ ಆರ್ಟ್ ಸೊಸೈಟಿಯ ವಾರ್ಷಿಕ ಪ್ರದರ್ಶನಗಳ ಸುತ್ತ ನಡೆಯುತ್ತಿತ್ತು. ಮಗ್ದಾ ಅವರು ಈ ಸೊಸೈಟಿಯ ಪ್ರದರ್ಶನಗಳಲ್ಲಿ ತಮ್ಮ ಚಿತ್ರಗಳನ್ನಿಟ್ಟರು. ಭಾವಚಿತ್ರಗಳನ್ನು ಬರೆದುಕೊಡುವುದು ಅವರ ಸಂಪಾದನೆಯ ಒಂದು ಮಾರ್ಗವಾಗಿತ್ತು. ಆಚಾರ್ಯರಿಗೆ ಸ್ಥಿರವಾದ ವರಮಾನವಿಲ್ಲದ ಕಾರಣ ಸಂಸಾರದ ಭಾರದ ಹೆಚ್ಚಿನ ಪಾಲು ಮಗ್ದಾ ಅವರ ಕುಂಚದ ಮೇಲೆಯೇ ಬಿದ್ದಿತು.

ನಾಜಿ ಆಡಳಿತದ ಕಾರಣದಿಂದ ಮಧ್ಯ ಯೂರೋಪನ್ನು ತೊರೆದ ಇನ್ನೂ ಕೆಲವರು ಇದೇ ಕಾಲದಲ್ಲಿ ಬೊಂಬಾಯಿಯಲ್ಲಿ ನೆಲೆಸಿದ್ದರು. ಕಲಾವಿಮರ್ಶಕ ರುಡಾಲ್ಫ್ ಫಾನ್ ಲೇಡನ್, ‘ಟೈಮ್ಸ್ ಆಫ್ ಇಂಡಿಯಾ’ ಪತ್ರಿಕೆಯ ಕಲಾ ನಿರ್ದೇಶಕರಾಗಿದ್ದ ವಿಯೆನ್ನಾದ ಚಿತ್ರಕಾರ ವಾಲ್ಟರ್ ಲಾಂಗ್‌ಹ್ಯಾಮರ್, ಚಿತ್ರಸಂಗ್ರಾಹಕ ಇಮ್ಯಾನುಯೆಲ್ ಶ್ಲೆಸಿಂಜರ್, ನೃತ್ಯಕಲಾವಿದೆ ಹಿಲ್ಡೆ ಹೋಲ್ಗರ್ ಇವರಲ್ಲಿ ಪ್ರಮುಖರು. ಯೂರೋಪಿನ ಹೊಸ ಚಿತ್ರಕಲೆಯ ಪರಿಚಯ ಬೊಂಬಾಯಿಯ ತರುಣ ಕಲಾವಿದರಿಗೆ ಆದುದರಲ್ಲಿ ಇವರ ಪಾತ್ರ ದೊಡ್ಡದು. ೧೯೪೭ರಲ್ಲಿ ಎಫ್. ಎನ್. ಸೋಜಾ, ಎಸ್. ಎಚ್. ರಝಾ, ಎಂ. ಎಫ್. ಹುಸೇನ್, ಕೆ. ಎಚ್. ಆರಾ ಮೊದಲಾದವರು ರಚಿಸಿದ ಪ್ರಗತಿಶೀಲ ಕಲಾವಿದರ ಬಳಗಕ್ಕೆ ಇವರಲ್ಲಿ ಕೆಲವರ ಬೆಂಬಲ ದೊರೆಯಿತು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ೧೯೧೧ರಲ್ಲಿ ಹುಟ್ಟಿದ ಕನ್ನಡಿಗ ಚಿತ್ರಕಾರ ಕೆ. ಕೆ. ಹೆಬ್ಬಾರರು ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿ, ಹೆಸರು ಮಾಡಿದ್ದೂ ಇದೇ ವರ್ಷಗಳಲ್ಲಿ, ಇದೇ ಕಲಾವಲಯದಲ್ಲಿ.

ಜಹಾಂಗೀರ್ ಕಲಾ ಗ್ಯಾಲರಿ ಆರಂಭವಾದದ್ದು ೧೯೫೨ರಲ್ಲಿ. ಅದಕ್ಕೆ ಮೊದಲು ಕಲಾವಿದರಿಗೆ ಏಕವ್ಯಕ್ತಿ ಪ್ರದರ್ಶನ ನಡೆಸಲು ಸೂಕ್ತ ಸ್ಥಳ ಸಿಗುವುದು ಕಷ್ಟವಾಗಿತ್ತು. ಆಸ್ಟ್ರಿಯಾದಿಂದ ಬಂದ ಚಾರ್ಲ್ಸ್ ಪೆಟ್ರಾಸ್ ನಡೆಸುತ್ತಿದ್ದ ವಿದೇಶಿ ಭಾಷಾ ಸಂಸ್ಥೆಯ ಕೊಠಡಿಗಳು ಇಂತಹ ಪ್ರದರ್ಶನಗಳಿಗೆ ಎಡೆ ಮಾಡಿಕೊಟ್ಟವು. ಮಗ್ದಾ ಅವರ ಚಿತ್ರಗಳೂ ಇಲ್ಲಿ ಪ್ರದರ್ಶನಗೊಂಡವು.

ಕಲಾಶೈಲಿ

ಮಗ್ದಾ ಅವರು ಮುಖ್ಯವಾಗಿ ಭಾವಚಿತ್ರ ರಚನೆಯ ಕಲಾವಿದೆ. ತೈಲವರ್ಣ ಮತ್ತು ಪೇಸ್ಟಲ್ ಅವರ ಮುಖ್ಯ ಮಾಧ್ಯಮಗಳು. ಬೊಂಬಾಯಿಗೆ ಬಂದ ಮೇಲೆ ಇಲ್ಲಿನ ಸಾಮಾನ್ಯ ಜನರು, ಮಹಿಳೆಯರು ಮತ್ತು ನರ್ತಕರು ಅವರ ಚಿತ್ರಗಳ ವಸ್ತುವಾದರು. ಆಕಾರವನ್ನು ಪೂರ್ತಿ ಒಡೆಯುವ ಪ್ರಯೋಗಗಳತ್ತ ಅವರು ಹೋಗಲಿಲ್ಲ. ವ್ಯಕ್ತಿಯ ಹೋಲಿಕೆಯನ್ನು ಕಾಪಾಡಿಕೊಂಡು ಅವರ ಸ್ವಭಾವವನ್ನು ತೋರುವುದರ ಕಡೆಗೇ ಅವರ ಗಮನವಿತ್ತು.

ನಿಧನ

೧೯೫೧ರ ಫೆಬ್ರವರಿ ೧೨ರಂದು ಮಗ್ದಾ ಅವರು ಬೊಂಬಾಯಿಯಲ್ಲಿ ನಿಧನರಾದರು. ವಿದೇಶಿ ಭಾಷಾ ಸಂಸ್ಥೆಯಲ್ಲಿ ಏರ್ಪಾಡಾಗಿದ್ದ ಅವರ ಏಕವ್ಯಕ್ತಿ ಪ್ರದರ್ಶನದ ಉದ್ಘಾಟನೆಗೆ ಕೆಲವೇ ಗಂಟೆಗಳ ಮುನ್ನ ಈ ಸಾವು ಸಂಭವಿಸಿತು. ಪತ್ನಿಯನ್ನು ಕಳೆದುಕೊಂಡ ಆಚಾರ್ಯರು ಅನಾರೋಗ್ಯ ಮತ್ತು ಬಡತನದಲ್ಲಿ ದಿನ ಕಳೆದರು. ಜೀವನ ನಿರ್ವಹಣೆಗಾಗಿ ಆಕೆಯ ಚಿತ್ರಗಳನ್ನೇ ಮಾರಬೇಕಾಯಿತು. ಅವರು ೧೯೫೪ರ ಮಾರ್ಚ್‌ನಲ್ಲಿ ತೀರಿಕೊಂಡರು.

ಕೃತಿಗಳ ಗತಿ ಮತ್ತು ಮರುಪರಿಚಯ

ಮಗ್ದಾ ಅವರ ಕೃತಿಗಳು ಒಂದೆಡೆ ಉಳಿಯಲಿಲ್ಲ. ರಷ್ಯಾವನ್ನೂ ಜರ್ಮನಿಯನ್ನೂ ತೊರೆಯುವಾಗ ಹಲವು ಚಿತ್ರಗಳು ಹಿಂದೆ ಉಳಿದವು. ಬೊಂಬಾಯಿಯಲ್ಲಿ ಬರೆದವು ಖಾಸಗಿ ಮನೆಗಳಿಗೆ ಹಂಚಿಹೋದವು. ಬದುಕು ಮೂರು ದೇಶಗಳಲ್ಲಿ ಹರಡಿದ್ದುದರಿಂದ ಯಾವ ದೇಶದ ಕಲಾಚರಿತ್ರೆಯೂ ಅವರಿಗೆ ಸೂಕ್ತ ಸ್ಥಾನ ನೀಡಲಿಲ್ಲ. ರಷ್ಯಾದಲ್ಲಿ ತ್ಸ್ವೆತಾಯೆವಾ ಭಾವಚಿತ್ರದ ಕರ್ತೃವಾಗಿ ಮಾತ್ರ, ಭಾರತದಲ್ಲಿ ಹೆಚ್ಚಾಗಿ ಆಚಾರ್ಯರ ಪತ್ನಿಯಾಗಿ ಅವರ ಹೆಸರು ಉಳಿಯಿತು.

ವಿದ್ವಾಂಸೆ ಲೀನಾ ಬರ್ನ್‌ಸ್ಟೈನ್ ಅವರು ಪತ್ರಗಳು, ಪತ್ರಿಕಾ ವಿಮರ್ಶೆಗಳು ಮತ್ತು ಖಾಸಗಿ ಸಂಗ್ರಹಗಳಲ್ಲಿದ್ದ ಚಿತ್ರಗಳನ್ನು ಕಲೆಹಾಕಿ ಮಗ್ದಾ ಅವರ ಜೀವನಚರಿತ್ರೆಯನ್ನು ಇಂಗ್ಲಿಷಿನಲ್ಲಿ ರಚಿಸಿದರು. ಇದು ೨೦೨೦ರಲ್ಲಿ ಪ್ರಕಟವಾಯಿತು. ಆಚಾರ್ಯರ ಬರಹಗಳನ್ನು ಮತ್ತು ಜೀವನವನ್ನು ಕುರಿತು ಇತಿಹಾಸಕಾರ ಓಲೆ ಬಿರ್ಕ್ ಲಾರ್ಸೆನ್ ನಡೆಸಿದ ಸಂಶೋಧನೆಯೂ ಈ ದಂಪತಿಗಳ ಬರ್ಲಿನ್ ಮತ್ತು ಬೊಂಬಾಯಿ ವರ್ಷಗಳ ಮೇಲೆ ಬೆಳಕು ಚೆಲ್ಲಿದೆ. ಭಾರತದ ಆಧುನಿಕ ಚಿತ್ರಕಲೆಯಲ್ಲಿ ವಲಸೆ ಬಂದ ಕಲಾವಿದರ ಪಾತ್ರವನ್ನು ಕುರಿತ ಅಧ್ಯಯನಗಳಲ್ಲಿ ಈಗ ಮಗ್ದಾ ನಾಖ್ಮನ್ ಅವರ ಹೆಸರೂ ಕಾಣಿಸಿಕೊಳ್ಳುತ್ತದೆ.