ಫಂಗೋ ದಾಂಡಿನ ಚರಿತ್ರೆ

ಅಮೆರಿಕದ ಕೆಂಟಕಿ ಸಂಸ್ಥಾನದ ಲೂಯಿವಿಲ್ ನಗರದಲ್ಲಿ, ಬೇಸ್‌ಬಾಲ್ ದಾಂಡುಗಳಿಗೆ ಪ್ರಖ್ಯಾತವಾದ ವಸ್ತುಸಂಗ್ರಹಾಲಯದ ಗೋಡೆಗೆ ಒರಗಿದಂತೆ, 120 ಅಡಿ ಎತ್ತರದ ಉಕ್ಕಿನ ದಾಂಡೊಂದು ನಿಂತಿದೆ. ದಾಂಡಿಗನ ಕೀರ್ತಿಗೆ ನೆಟ್ಟ ಜಯಸ್ತಂಭವದು. ಆ ಆಟದ ಇತಿಹಾಸವನ್ನು ಬರೆದವರೂ ಬಹುಮಟ್ಟಿಗೆ ಅದರ ನೆರಳಿನಲ್ಲಿಯೇ ಕುಳಿತು ಬರೆದವರು. ಆದರೆ ಪಂದ್ಯದಲ್ಲಿ ಒಮ್ಮೆಯೂ ಬಳಕೆಗೆ ಬಾರದೆ, ಯಾವ ಅಂಕಪಟ್ಟಿಯಲ್ಲಿಯೂ ಕಾಣಿಸಿಕೊಳ್ಳದೆ, ಪಂದ್ಯಕ್ಕೆ ಮುನ್ನ ಒಂದರ ಮೇಲೊಂದರಂತೆ ಚೆಂಡುಗಳನ್ನು ಅಟ್ಟಿ ಕ್ಷೇತ್ರರಕ್ಷಕರ ಕಣ್ಣನ್ನೂ ಕಾಲನ್ನೂ ಪಳಗಿಸುವ ಇನ್ನೊಂದು ದಾಂಡುಂಟು. ಕೃಶಕಾಯದ, ನೀಳವಾದ, ಎತ್ತಿದರೆ ಹಗುರವೆನಿಸುವ ಈ ಉಪಕರಣಕ್ಕೆ ಫಂಗೋ ಎಂದು ಹೆಸರು. ಆ ಹೆಸರಿನ ಮೂಲವನ್ನು ಕುರಿತ ವಾದವಿವಾದಗಳನ್ನು ನಿಘಂಟುಕಾರರಿಗೇ ಬಿಟ್ಟುಕೊಡುವುದು ಲೇಸು.

ದಾಂಡಿಗೆ ಅಂಟಿಕೊಳ್ಳುವುದಕ್ಕೆ ಮೊದಲು ಇದು ಒಂದು ಆಟದ ಹೆಸರಾಗಿದ್ದಿತು. ಇಂಗ್ಲೆಂಡಿನ ಎಕ್ಸೆಟರ್ ಪಟ್ಟಣದಲ್ಲಿ ಜನಿಸಿ, ಬಾಲ್ಯದಲ್ಲಿಯೇ ಬ್ರೂಕ್ಲಿನ್ನಿಗೆ ಬಂದು ನೆಲಸಿ, ಕ್ರಿಕೆಟ್ ವರದಿಗಾರಿಕೆಯಿಂದ ಬೇಸ್‌ಬಾಲಿನತ್ತ ಹೊರಳಿ, ಆ ಆಟದ ಆದ್ಯ ಲಕ್ಷಣಕಾರನೆನಿಸಿದ ಹೆನ್ರಿ ಚಾಡ್ವಿಕ್ಕನು 1867ರಲ್ಲಿ ಇದನ್ನು ವಿವರಿಸಿದ್ದಾನೆ. ಒಬ್ಬನು ದಾಂಡನ್ನು ಹಿಡಿದು, ಚೆಂಡನ್ನು ತಾನೇ ಮೇಲಕ್ಕೆಸೆದು, ಅದು ಇಳಿಯುತ್ತಿರುವಾಗ ಹೊಡೆಯುತ್ತಾನೆ. ನೆಲ ಮುಟ್ಟುವ ಮೊದಲೇ ಅದನ್ನು ಹಿಡಿದವನಿಗೆ ದಾಂಡಿನ ಸರದಿ. ಚಿನ್ನಿಯನ್ನು ಚಿಮ್ಮಿಸಿ ಹೊಡೆದು, ಎದುರಿನವನ ಕೈಗೆ ಸಿಕ್ಕಿದರೆ ಆಟವನ್ನು ಬಿಟ್ಟುಕೊಡುವ ನಮ್ಮ ಚಿನ್ನಿದಾಂಡಿನ ಹುಡುಗರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇದರಿಂದ ಹೊಡೆತದ ಅಭ್ಯಾಸಕ್ಕೆ ಪ್ರಯೋಜನವಿಲ್ಲ, ಹಿಡಿಯುವ ಅಭ್ಯಾಸಕ್ಕೆ ಮಾತ್ರ ಉಂಟು ಎಂಬುದು ಚಾಡ್ವಿಕ್ಕನ ತೀರ್ಮಾನ. ಹೊಡೆಯುವವನಿಗೆ ನಿಷ್ಪ್ರಯೋಜಕವೆಂದು ಆತನು ಬದಿಗಿಟ್ಟ ಗುಣವೇ ಮುಂದೆ ಈ ದಾಂಡಿನ ಭಾಗ್ಯವನ್ನು ನಿರ್ಣಯಿಸಿತು.

ಮನೋವಿನೋದವು ವೃತ್ತಿಯಾಗಿ ಮಾರ್ಪಟ್ಟ ಕಾಲದಲ್ಲಿ ಈ ಹುಡುಗಾಟವೂ ಶಿಕ್ಷಣದ ಅಂಗವಾಯಿತು. 1869ರಲ್ಲಿ ಬಹಿರಂಗವಾಗಿ ಸಂಬಳ ಪಡೆದು ಆಡಿದ ಪ್ರಥಮ ತಂಡವಾದ ಸಿನ್ಸಿನಾಟಿಯ ರೆಡ್ ಸ್ಟಾಕಿಂಗ್ಸನ್ನು ಕಟ್ಟಿ ನಡೆಸಿದ ಹ್ಯಾರಿ ರೈಟ್, ಶೆಫೀಲ್ಡಿನಲ್ಲಿ ಹುಟ್ಟಿದ ಕ್ರಿಕೆಟಿಗ, ವೃತ್ತಿನಿರತ ಕ್ರಿಕೆಟಿಗನ ಮಗ; ಆ ನಗರಕ್ಕೆ ಆತನು ಕಾಲಿಟ್ಟದ್ದೂ ಕ್ರಿಕೆಟ್ ಸಂಘವೊಂದರ ಸೇವೆಗಾಗಿಯೇ. ಕ್ರಮಬದ್ಧವಾದ ಅಭ್ಯಾಸಕ್ಕೆ ಅಷ್ಟೊಂದು ಬೆಲೆ ಕೊಟ್ಟವರು ಆತನಿಗೆ ಮುನ್ನ ವಿರಳ. ಆಟಗಾರರು ಬರಿಗೈಯಿಂದಲೇ ಚೆಂಡನ್ನು ತಡೆಯುತ್ತಿದ್ದ ದಿನಗಳವು. 1877ರಲ್ಲಿ ಆಲ್ಬರ್ಟ್ ಸ್ಪಾಲ್ಡಿಂಗ್‌ನಂಥ ಪ್ರಸಿದ್ಧ ಆಟಗಾರನು ಕೈಗವುಸು ತೊಟ್ಟು ಕಣಕ್ಕಿಳಿಯುವವರೆಗೆ ಅದನ್ನು ತೊಡುವುದೇ ಹೇಡಿತನವೆಂಬ ಭಾವನೆ ಬಲವಾಗಿದ್ದಿತು. ಅಂಥ ಕೈಗಳನ್ನು ನುರಿಸಲು ಒಂದೇ ಬಗೆಯ ಚೆಂಡುಗಳನ್ನು ಒಂದೇ ಸಮನೆ ಕಳುಹಿಸಬಲ್ಲ ಹೊಡೆತವೇ ಬೇಕಾಯಿತು. ಇಲ್ಲೊಂದು ಸ್ವಾರಸ್ಯವಿದೆ. ಹಳೆಯ ಆಟದಲ್ಲಿ ಹಿಡಿದವನಿಗೆ ದಾಂಡು ಬಹುಮಾನವಾಗಿ ದೊರೆಯುತ್ತಿದ್ದಿತು. ಹೊಸ ಅಭ್ಯಾಸದಲ್ಲಿ ಎಷ್ಟು ಚೆಂಡುಗಳನ್ನು ಹಿಡಿದರೂ ಆಟಗಾರನಿಗೆ ದೊರೆಯುವುದು ಇನ್ನೊಂದು ಚೆಂಡು ಮಾತ್ರ. ದಾಂಡು ಶಿಕ್ಷಕನ ಕೈಯಲ್ಲಿಯೇ ಉಳಿಯಿತು, ಅವನ ಕೈಗೆ ತಕ್ಕಂತೆಯೇ ಅದರ ರೂಪವೂ ಬದಲಾಯಿತು.

ಆ ರೂಪವನ್ನು ತುಸು ಹತ್ತಿರದಿಂದ ನೋಡೋಣ. ಪಂದ್ಯದ ದಾಂಡಿನ ಅತ್ಯಂತ ದಪ್ಪನೆಯ ಭಾಗ ಇಂದಿನ ನಿಯಮದಂತೆ 2.61 ಅಂಗುಲದ ವ್ಯಾಸವನ್ನು ಮೀರುವಂತಿಲ್ಲ. ತೂಕ ಸಾಮಾನ್ಯವಾಗಿ 900 ಗ್ರಾಂನ ಆಸುಪಾಸು. ಫಂಗೋ 34ರಿಂದ 37 ಅಂಗುಲ ಉದ್ದವಿದ್ದರೂ ವ್ಯಾಸದಲ್ಲಿ ಎರಡೂಕಾಲು ಅಂಗುಲದಷ್ಟು, ತೂಕದಲ್ಲಿ 500ರಿಂದ 650 ಗ್ರಾಂ. ಎಸೆತಗಾರನ ಕೈಯಿಂದ ಗಂಟೆಗೆ 90 ಮೈಲಿ ವೇಗದಲ್ಲಿ ಧಾವಿಸುವ ಚೆಂಡನ್ನು ಹಿಮ್ಮೆಟ್ಟಿಸಲು ದಾಂಡಿಗೆ ಭಾರವಿರಬೇಕು, ಇಲ್ಲದಿದ್ದರೆ ತಾನೇ ಹಿಂದಕ್ಕೆ ಸರಿದೀತು. ಆದರೆ ಹೊಡೆಯುವವನು ತಾನೇ ಮೇಲಕ್ಕೆಸೆದ ಚೆಂಡಿಗೆ ಹೇಳಿಕೊಳ್ಳುವಂಥ ವೇಗವಿಲ್ಲವಾದುದರಿಂದ, ಅದು ದೂರ ಹೋಗಬೇಕಾದರೆ ವೇಗವನ್ನೆಲ್ಲ ದಾಂಡೇ ಒದಗಿಸಬೇಕು, ಹಗುರವಾದುದು ಮಾತ್ರ ಅಷ್ಟು ಬೇಗ ಬೀಸಲು ಒದಗುತ್ತದೆ. ಇನ್ನೊಂದು ಕಾರಣ ಮಾನವಸಹಜವಾದುದು. ಶಿಕ್ಷಕನಾದವನು ಎಷ್ಟೋ ವೇಳೆ ಯೌವನವನ್ನು ದಾಟಿದವನು, ಭುಜ ಸವೆದವನು. ದಿನವೊಂದಕ್ಕೆ ನೂರಾರು ಹೊಡೆತಗಳನ್ನು ಭಾರವಾದ ದಾಂಡಿನಿಂದ ಹೊಡೆಯುವುದು ಅವನಿಗೆ ಹಿಂಸೆ.

ಈ ದಾಂಡಿನ ಕೌಶಲವು ಬಲದಲ್ಲಿಲ್ಲ, ಗುರಿಯಲ್ಲಿದೆ. ಒಳಕ್ಷೇತ್ರದ ರಕ್ಷಕನ ಬಲಕ್ಕೆ ಎರಡು ಹೆಜ್ಜೆ, ಎಡಕ್ಕೆ ಎರಡು ಹೆಜ್ಜೆ, ಒಮ್ಮೆ ನೆಲಕ್ಕಂಟಿ, ಒಮ್ಮೆ ಪುಟಿದು, ಕೇಳಿದಲ್ಲಿಗೆ ಕೇಳಿದಂತೆ ಚೆಂಡು ಹೋಗಬೇಕು. ಎಲ್ಲಕ್ಕಿಂತ ಕಠಿನವಾದುದು ದಾಂಡಿಗನ ಹಿಂದೆ ಕುಳಿತು ಎಸೆತ ಹಿಡಿಯುವ ಕ್ಯಾಚರನ ತಲೆಯ ಮೇಲೆ ನೆಟ್ಟಗೆ ಆಕಾಶಕ್ಕೇರುವ ಚೆಂಡು: ಅದರ ಅಡಿಯನ್ನು ತೆಳ್ಳನೆಯ ದಾಂಡಿನಿಂದ ಸವರಿದಂತೆ ಹೊಡೆಯಬೇಕು, ಕೂದಲೆಳೆಯಷ್ಟು ತಪ್ಪಿದರೂ ಗಾಳಿಯನ್ನು ಹೊಡೆದು ನಗೆಪಾಟಲಾಗಬೇಕು. ಅನೇಕ ಕ್ರೀಡಾಂಗಣಗಳಲ್ಲಿ ಮುಖ್ಯ ನೆಲೆಯ ಎರಡು ಪಾರ್ಶ್ವಗಳಲ್ಲಿ, ಶಿಕ್ಷಕರು ನಿಂತು ನಿಂತು ಹುಲ್ಲು ಸವೆಯುವ ಕಡೆ, ಮಣ್ಣಿನ ವೃತ್ತಗಳನ್ನೇ ಬಿಡುತ್ತಿದ್ದರು.

ಈ ವಿದ್ಯೆಯಲ್ಲಿ ಜಿಮ್ಮಿ ರೀಸ್‌ನಷ್ಟು ಹೆಸರು ಗಳಿಸಿದವರಿಲ್ಲ. 1930ರ ಸುಮಾರಿಗೆ ನ್ಯೂಯಾರ್ಕ್ ಯಾಂಕೀಸ್ ತಂಡದಲ್ಲಿ ಹೆಸರಾಂತ ದಾಂಡಿಗ ಬೇಬ್ ರೂತ್‌ನ ಕೊಠಡಿಯ ಸಂಗಾತಿಯಾಗಿದ್ದ ಈತನು, ವಾರ್ಧಕ್ಯದಲ್ಲಿ ಕ್ಯಾಲಿಫೋರ್ನಿಯಾ ಏಂಜಲ್ಸ್ ತಂಡವನ್ನು ಸೇರಿ, 1994ರಲ್ಲಿ 92ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅದರ ಶಿಕ್ಷಕನಾಗಿ ಉಳಿದನು. ಮರಗೆಲಸ ಬಲ್ಲ ಆತನು ತನ್ನ ಫಂಗೋಗಳನ್ನು ತಾನೇ ಸಿದ್ಧಪಡಿಸಿಕೊಳ್ಳುತ್ತಿದ್ದನು. ಒಂದು ಪಾರ್ಶ್ವವನ್ನು ಚಪ್ಪಟೆಯಾಗಿ ಸೀಳಿದ ದಾಂಡು ಆತನಿಗೆ ಪ್ರಿಯ; ಅದರಿಂದಲೇ ನೆಲದ ಚೆಂಡನ್ನು ಬಗ್ಗದೆ ಎತ್ತಿಕೊಳ್ಳುವನು, ಎಸೆತಗಾರನಂತೆ ದಾಂಡಿಗರಿಗೆ ಚೆಂಡನ್ನು ಒದಗಿಸಲೂ ಬಲ್ಲನು. 1885ರಿಂದ ಕೆಲವು ವರ್ಷ ಪಂದ್ಯದಲ್ಲಿಯೇ ಒಂದು ಮಗ್ಗುಲು ಚಪ್ಪಟೆಯಾದ ದಾಂಡಿಗೆ ಅನುಮತಿಯಿದ್ದು, 1893ರಲ್ಲಿ ಅದು ನಿಷಿದ್ಧವಾಯಿತು; ಪಂದ್ಯದಿಂದ ಬಹಿಷ್ಕೃತವಾದ ಆಕಾರವು ಅಭ್ಯಾಸದಲ್ಲಿ ಆಶ್ರಯ ಪಡೆಯಿತೆಂದರೆ ತಪ್ಪಾಗದು. ಮಹಾ ಎಸೆತಗಾರ ನೋಲನ್ ರಯನ್ ತನ್ನ ಮಗನೊಬ್ಬನಿಗೆ ರೀಸ್ ಎಂದು ನಾಮಕರಣ ಮಾಡಿದನು. ಜಿಮ್ಮಿ ರೀಸ್ ತೊಡುತ್ತಿದ್ದ 50ನೆಯ ಸಂಖ್ಯೆಯನ್ನು ತಂಡವು ಬೇರಾರಿಗೂ ಕೊಡದೆ ಮೀಸಲಿರಿಸಿತು. ಪಂದ್ಯದಲ್ಲಿ ಬಳಸಲಾಗದ ದಾಂಡಿನಿಂದ ಇಷ್ಟು ಗೌರವವನ್ನು ಸಂಪಾದಿಸಿದವರು ಬೇರೆ ಯಾರಿದ್ದಾರೆ?

ಜಪಾನಿನಲ್ಲಿ ಇದೇ ಅಭ್ಯಾಸವು ಬೇರೊಂದು ಗಾಂಭೀರ್ಯವನ್ನು ತಾಳಿತು. 1872ರಲ್ಲಿ ಹೊರೇಸ್ ವಿಲ್ಸನ್ ಎಂಬ ಅಮೆರಿಕದ ಉಪಾಧ್ಯಾಯನಿಂದ ಟೋಕಿಯೋ ತಲಪಿದ ಆಟ ಅಲ್ಲಿ ಚಾರಿತ್ರ್ಯಶಿಕ್ಷಣದ ಸಾಧನವಾಯಿತು. 1910ರಲ್ಲಿ ಶಿಕಾಗೋ ವಿಶ್ವವಿದ್ಯಾನಿಲಯದ ಎದುರು ಸೋತ ವಾಸೆಡಾ ವಿಶ್ವವಿದ್ಯಾನಿಲಯದ ತಂಡದಲ್ಲಿದ್ದ ಸುಯಿಶು ತೋಬಿತಾ, ಮುಂದೆ ಅದೇ ವಿದ್ಯಾಲಯದ ಶಿಕ್ಷಕನಾಗಿ, ಆಟಗಾರರು ನೆಲಕ್ಕೊರಗುವವರೆಗೂ ಅಭ್ಯಾಸ ಮಾಡಿಸಿ, 1925ರಲ್ಲಿ ಶಿಕಾಗೋವನ್ನು ಮಣಿಸಿದನು. ಒಬ್ಬನಿಗೇ ಸಾವಿರ ಚೆಂಡು ಹೊಡೆಯುವ ಪದ್ಧತಿ ಆ ದೇಶದಲ್ಲಿ ಪ್ರಸಿದ್ಧ. ಸಹನೆಯನ್ನು ಬೆಳೆಸುವ ಹೆಸರಿನಲ್ಲಿ ಅದು ಹಲವು ವೇಳೆ ಶಿಕ್ಷಣದ ಎಲ್ಲೆಯನ್ನು ಮೀರಿ ದಂಡನೆಯ ಪ್ರಾಂತವನ್ನು ಹೊಕ್ಕಿತೆಂದೇ ನನ್ನ ಎಣಿಕೆ. ಐನೂರನೆಯ ಚೆಂಡಿನ ಬಳಿಕ ಕೈ ಕಲಿಯುವುದು ತಪ್ಪನ್ನೇ. ಆದರೆ ಅವರ ದಾಂಡು ಮಾತ್ರ ಸುಂದರ: ನಮ್ಮ ಸಂಪಿಗೆಯ ಕುಲಕ್ಕೆ ಸೇರಿದ ಹೋ ಎಂಬ ಹಗುರ ಮರದಿಂದ ಅನೇಕವನ್ನು ಕಡೆಯುತ್ತಾರೆ. ಕೋಶಿಯೆನ್ ಕ್ರೀಡಾಂಗಣದ ಶಾಲಾ ಪಂದ್ಯಾವಳಿಯಲ್ಲಿ ಪಂದ್ಯಕ್ಕೆ ಮುನ್ನ ಈ ಅಭ್ಯಾಸಕ್ಕೆ ದೊರೆಯುವುದು ಕೆಲವೇ ನಿಮಿಷ. ಅಷ್ಟರಲ್ಲಿ ಪ್ರತಿಯೊಂದು ಸ್ಥಾನಕ್ಕೂ ಚೆಂಡು ಮುಟ್ಟಬೇಕು.

ಕ್ರಿಕೆಟಿನವರು ಬಹುಕಾಲ ಪಂದ್ಯದ ಬ್ಯಾಟಿನಿಂದಲೇ ಕ್ಯಾಚುಗಳನ್ನು ಹೊಡೆಯುತ್ತಿದ್ದರು. ಬೇಸ್‌ಬಾಲಿನಿಂದ ಬಂದ ಮೈಕ್ ಯಂಗ್ ಎಂಬ ಅಮೆರಿಕನ್ನನನ್ನು ಆಸ್ಟ್ರೇಲಿಯ ತನ್ನ ಕ್ಷೇತ್ರರಕ್ಷಣೆಯ ಶಿಕ್ಷಕನನ್ನಾಗಿ ನೇಮಿಸಿಕೊಂಡದ್ದು, ಕ್ರಿಕೆಟಿನಿಂದ ಬೇಸ್‌ಬಾಲಿಗೆ ಹೊರಳಿದ ಹ್ಯಾರಿ ರೈಟ್ ತೀರಿಸದೆ ಹೋದ ಋಣದ ಸಂದಾಯವೆನ್ನಬಹುದು.

ಇಂದು ಫಂಗೋ ಕೊಳ್ಳುವವನು ದೂರದ ಕ್ಷೇತ್ರಕ್ಕೆ ಉದ್ದನೆಯದನ್ನೂ ಹತ್ತಿರದ ರಕ್ಷಕರಿಗೆ ಗಿಡ್ಡನೆಯದನ್ನೂ ಆರಿಸುತ್ತಾನೆ. ಒಂದು ಕೈಯಿಂದ ಚೆಂಡನ್ನೆಸೆಯುವಾಗ ಇನ್ನೊಂದೇ ಕೈಯಲ್ಲಿ ದಾಂಡು ಎಷ್ಟು ನಿರಾಯಾಸವಾಗಿ ನಿಲ್ಲುತ್ತದೆಂಬುದನ್ನು ಮೊದಲು ಪರೀಕ್ಷಿಸಬೇಕು. ಎಸೆತಗಾರನ ಚೆಂಡಿಗೆ ಅದನ್ನು ಒಡ್ಡಲೇಬಾರದು, ಒಡ್ಡಿದರೆ ಮುರಿಯುವ ಸಂಭವವೇ ಹೆಚ್ಚು. ಪೆನ್ಸಿಲ್ವೇನಿಯಾ ಮತ್ತು ನ್ಯೂಯಾರ್ಕಿನ ಕಾಡುಗಳಿಂದ ಬರುತ್ತಿದ್ದ ಆಷ್ ಮರ ಒಂದು ಶತಮಾನಕ್ಕೂ ಮಿಕ್ಕು ಅಮೆರಿಕದ ದಾಂಡುಗಳ ಜೀವವಾಗಿದ್ದಿತು. 2002ರಲ್ಲಿ ಮಿಷಿಗನ್ನಿನಲ್ಲಿ ಗೋಚರಿಸಿದ, ಏಷ್ಯಾದಿಂದ ಬಂದ ಹಸಿರು ಕೊರೆಹುಳು ಕೋಟ್ಯಂತರ ಆಷ್ ಮರಗಳನ್ನು ಆಹುತಿ ತೆಗೆದುಕೊಂಡ ಮೇಲೆ ಮೇಪಲ್ ಮೊದಲಾದ ಮರಗಳಿಗೂ ಲೋಹಕ್ಕೂ ಬೇಡಿಕೆ ಹೆಚ್ಚಿತು. ಲೋಹದ ಫಂಗೋ ಬೇಗ ಮುರಿಯದು, ದಿನವಿಡೀ ದುಡಿಯುವವನಿಗೆ ಅದು ಮಿತವ್ಯಯದ ಆಯ್ಕೆಯೂ ಹೌದು. ಆದರೂ ಚೆಂಡು ಎಲ್ಲಿ ತಗಲಿತೆಂಬ ವರ್ತಮಾನವನ್ನು ಮರ ಅಂಗೈಗೆ ತಿಳಿಸುವಷ್ಟು ನಿಚ್ಚಳವಾಗಿ ಲೋಹ ತಿಳಿಸಲಾರದೆಂದು, ಹಳಬರು ಬೆಲೆ ಹೆಚ್ಚಾದರೂ ಮರದ್ದನ್ನೇ ಕೇಳಿ ಕೊಳ್ಳುತ್ತಾರೆ.