ಶಾಸನದ ಕಲ್ಲಿನಿಂದ ಕಲ್ಲಚ್ಚಿನವರೆಗೆ

ಬಾರ್ಕೂರಿಗೆ ಹೋದವರು ಹಳೆಯ ಕೋಟೆಯನ್ನೂ ಕತ್ತಲೆ ಬಸದಿಯನ್ನೂ ನೋಡಿ ಬರುತ್ತಾರೆ. ಶಾಸನದ ಕಲ್ಲುಗಳ ಮುಂದೆ ನಿಲ್ಲುವವರು ಕಡಿಮೆ. ಆಳುಪರ ರಾಜಧಾನಿಯಾಗಿದ್ದು, ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ ಆಡಳಿತ ಕೇಂದ್ರವಾದ ಊರು ಇದು. ಯಾರು ಯಾವ ಭೂಮಿಯನ್ನು ಯಾವ ದೇವಸ್ಥಾನಕ್ಕೆ ಬಿಟ್ಟರು, ಕೊಟ್ಟ ಮಾತಿಗೆ ತಪ್ಪಿದವನ ಗತಿಯೇನು ಎಂಬುದನ್ನೆಲ್ಲ ನಾಲ್ಕು ಜನರ ಕಣ್ಣಿಗೆ ಬೀಳುವಂತೆ ಇಲ್ಲಿ ಕಲ್ಲಿನಲ್ಲಿ ಕೊರೆಸಿದರು. ಅಂದಿನ ಮಟ್ಟಿಗೆ ಅದೇ ಪ್ರಕಟಣೆ. ಆದರೆ ಓದುಗನೇ ಕಲ್ಲಿನ ಬಳಿಗೆ ಹೋಗಬೇಕಿತ್ತು. ಕೊರೆಸುವ ಶಕ್ತಿಯೋ ಅರಸರಿಗೆ, ಸಿರಿವಂತರಿಗೆ ಸೇರಿದ್ದು.

ಓದುಗನ ಕೈಗೇ ಬರುವ ಸುದ್ದಿ ಈ ಕರಾವಳಿಗೆ ಸ್ವಿಟ್ಜರ್ಲೆಂಡಿನ ನಂಟಿನಿಂದ ಬಂದಿತು. ಆ ಪುಟ್ಟ ದೇಶದ ಜ್ಯೂರಿಕ್ ನಗರದಲ್ಲಿ 1780ರಲ್ಲಿ ಹುಟ್ಟಿದ ಪತ್ರಿಕೆಯೊಂದು ಇಂದಿಗೂ ನಡೆಯುತ್ತಿದೆ. ಅದೇ ದೇಶದ ಬಾಸೆಲ್ ನಗರದ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದು, 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆಯಿತು. ಆ ಮಿಶನ್ನಿನ ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆಯೆಂದು ಹೆಸರಾದುದು ಅದೇ. ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ, ಬೆಲೆ ಒಂದು ದುಡ್ಡು. ಊರಿನ ವರ್ತಮಾನ, ಪರದೇಶದ ವರ್ತಮಾನ, ಸರಕಾರದ ಹೊಸ ನಿರೂಪ, ಕಥೆ, ದಾಸರ ಪದ ಎಲ್ಲವೂ ಅದರಲ್ಲಿದ್ದವು.

ವಾಚಕರೇ, ಇಲ್ಲಿಯೂ ಕಲ್ಲೇ! ಆದರೆ ಉಳಿಯ ಕೆಲಸವಿಲ್ಲ. ನುಣುಪಾದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಅಕ್ಷರ ಮೂಡಿಸಿ, ನೀರು ಸವರಿ ಶಾಯಿ ಹಚ್ಚಿದರೆ, ಜಿಡ್ಡಿದ್ದಲ್ಲಿ ಮಾತ್ರ ಶಾಯಿ ಹಿಡಿಯುತ್ತದೆ. ಕಾಗದವನ್ನು ಒತ್ತಿ ಪ್ರತಿ ತೆಗೆದ ಮೇಲೆ ಕಲ್ಲನ್ನು ಉಜ್ಜಿ ಮುಂದಿನ ಸಂಚಿಕೆಗೆ ಸಿದ್ಧಮಾಡಬಹುದು. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಗಿ, ‘ಕನ್ನಡ ಸಮಾಚಾರ’ವೆಂದು ಮೊಳೆಯಚ್ಚಿನಲ್ಲಿ ಹೊರಬರತೊಡಗಿತು.

ಮೊದಲ ಪತ್ರಿಕೆ ಮಿಶನ್ನಿನದಾದರೆ, ಮುಂದಿನವು ಈ ನೆಲದವರವೇ. 1907ರಲ್ಲಿ ಮಂಗಳೂರಿನಲ್ಲಿ ‘ಸ್ವದೇಶಾಭಿಮಾನಿ’ ಹುಟ್ಟಿತು. ಕವಿ ಕಡೆಂಗೋಡ್ಲು ಶಂಕರಭಟ್ಟರು ‘ರಾಷ್ಟ್ರಬಂಧು’ವಿನ ಸಂಪಾದಕರಾಗಿದ್ದರು. 1970ರಲ್ಲಿ ಮಣಿಪಾಲದಿಂದ ‘ಉದಯವಾಣಿ’ ಹೊರಟಿತು.

ಬಾರ್ಕೂರಿಗೆ ಸಮೀಪದ ವಡ್ಡರ್ಸೆಯಲ್ಲಿ ಏಳನೆಯ ಶತಮಾನದ ಆಳುವರಸನ ಶಾಸನವಿದೆ. ಕರಾವಳಿಯ ಅತಿ ಹಳೆಯ ಕನ್ನಡ ಶಾಸನಗಳಲ್ಲಿ ಅದೂ ಒಂದು. ಆ ಊರಿನ ಹೆಸರನ್ನೇ ಹೊತ್ತ ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ, ಓದುಗರಿಂದಲೇ ಷೇರು ಹಣ ಕೂಡಿಸಿ, ಮಂಗಳೂರಿನಲ್ಲಿ ‘ಮುಂಗಾರು’ ದಿನಪತ್ರಿಕೆಯನ್ನು ಆರಂಭಿಸಿದರು. ಸುದ್ದಿ ಓದುವವನೇ ಸುದ್ದಿಯ ಒಡೆಯನಾಗಬೇಕೆಂಬುದು ಅವರ ಹಂಬಲ. ಹೊಸ ಪತ್ರಕರ್ತರ ಒಂದು ಪೀಳಿಗೆಗೆ ಅದು ಪಾಠಶಾಲೆಯಾಯಿತು. ಆದರೆ ಹಣದ ಅಡಚಣೆಯಿಂದ 1990ರ ದಶಕದಲ್ಲಿ ನಿಂತುಹೋಯಿತು.

ಶಾಸನಕ್ಕೆ ಖರ್ಚು ಒಂದೇ ಸಲ. ಪತ್ರಿಕೆಗೆ ಕಾಗದ, ಕೂಲಿ, ಸಾಗಾಟದ ಖರ್ಚು ದಿನ ಬೆಳಗಾದರೆ ಎದುರಾಗುತ್ತದೆ. ಓದುಗ ಕೊಡುವ ಕಾಸು ಅದಕ್ಕೆ ಸಾಲದು. ಉಳಿದುದನ್ನು ಜಾಹೀರಾತು ತುಂಬಬೇಕು. ಓದುಗರ ಒಡೆತನ ಎಡವುವುದು ಇಲ್ಲಿಯೇ. ಹಾಗೆಂದು ಆ ಹಂಬಲ ಸುಳ್ಳಾಗಲಿಲ್ಲ.

ಮುಂದೊಮ್ಮೆ ಬಾರ್ಕೂರಿಗೆ ಹೋದಾಗ ಶಾಸನದಲ್ಲಿ ಅದನ್ನು ಹಾಕಿಸಿದವನ ಹೆಸರನ್ನು ಹುಡುಕಿ ನೋಡಿ. ಮನೆಗೆ ಬಂದ ಮೇಲೆ ಪತ್ರಿಕೆಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿರುವ ಪ್ರಕಾಶಕರ, ಮಾಲಿಕರ ಹೆಸರನ್ನೂ ಓದಿ. ಸುದ್ದಿಯನ್ನು ಓದುವ ಮುನ್ನ ಅದು ಯಾರ ಸುದ್ದಿಯೆಂದು ತಿಳಿದಿರುವುದು ಒಳ್ಳೆಯದು.